ಬಾಗಿಲಕ್ಕನ ಬ್ಯಾಟರಿಗಳು

ಸರಿಯಾಗಿ ಕೂರದ ಬಾಗಿಲು ಕಂಡರೆ ಬಾಗಿಲಕ್ಕನಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಯಾರದೋ ಮನೆಗೆ ನೆಂಟಳಾಗಿ ಹೋದಾಗಲೂ ಬಚ್ಚಲ ಬಾಗಿಲು ಕಿರ್ ಎಂದರೆ ಸಾಕು, ಚಹಾದ ಲೋಟ ಕೆಳಗಿಟ್ಟು ಎದ್ದು ಹೋಗಿ, ಕೀಲನ್ನು ಬೆರಳಲ್ಲಿ ತಡವಿ, ಮೇಲಿನ ಸ್ಕ್ರೂ ಸಡಿಲವಾಗಿದೆ ಎಂದು ಮನೆಯವರಿಗೆ ವರದಿ ಒಪ್ಪಿಸಿ ಬರುತ್ತಿದ್ದಳು. ಎರಡನೆಯ ಲೋಟ ಚಹಾ ಬರುವಷ್ಟರಲ್ಲಿ ಅವಳ ಕೈಚೀಲದಿಂದ ಸ್ಕ್ರೂಡ್ರೈವರ್ ಹೊರಗೆ ಬಂದಿರುತ್ತಿತ್ತು.

ಹೊಸ ಕಟ್ಟಡಗಳಿಗೆ ಬಾಗಿಲು ಕೂರಿಸುವುದು ಅವಳ ಕಸುಬು. ಅದನ್ನು ಕಲಿಸಿದವನು ಸೋದರಮಾವ. ಮುಚ್ಚಿದ ಬಾಗಿಲಿನ ಸುತ್ತ ಉಳಿಯುವ ಸಂದಿ ಮೇಲೂ ಕೆಳಗೂ ಅಕ್ಕಪಕ್ಕದಲ್ಲೂ ಒಂದೇ ಸಮ ಇರಬೇಕು, ಅಷ್ಟಾದರೆ ಬಾಗಿಲು ತಾನಾಗಿಯೇ ಮಾತು ಕೇಳುತ್ತದೆ ಎನ್ನುತ್ತಿದ್ದ ಮಾವ. ಅವನ ಕಾಲದಲ್ಲಿ ಎಲ್ಲವೂ ಕೈಯಲ್ಲೇ ಆಗಬೇಕಿತ್ತು. ಬಾಗಿಲಕ್ಕನ ಕಾಲಕ್ಕೆ ಬ್ಯಾಟರಿ ಬಂತು. ಡ್ರಿಲ್ಲು, ಗರಗಸ, ಮರ ಕೀಸುವ ಯಂತ್ರ, ಎಲ್ಲವನ್ನೂ ಒಂದೇ ಕಂಪನಿಯದು ನೋಡಿಯೇ ಕೊಂಡಿದ್ದಳು. ಹಾಗಾಗಿ ಒಂದರ ಬ್ಯಾಟರಿ ಇನ್ನೊಂದಕ್ಕೆ ಒಪ್ಪುತ್ತಿತ್ತು. ಸಂಜೆ ಮನೆಗೆ ಬಂದವಳು ಕೈಕಾಲು ತೊಳೆಯುವ ಮೊದಲು ಬ್ಯಾಟರಿಗಳ ಧೂಳು ಒರೆಸಿ, ಅಡುಗೆಮನೆಯ ಕಪಾಟಿನ ಮೇಲೆ ಸಾಲಾಗಿ ಚಾರ್ಜಿಗೆ ಹಾಕುತ್ತಿದ್ದಳು. ನನ್ನ ಬೆನ್ನನ್ನ ಒಂದು ದಿನಾನೂ ಹೀಗೆ ಒರೆಸಿದವಳಲ್ಲ ಎಂದು ಗಂಡ ಗೊಣಗಿದರೆ, ನೀವು ಚಾರ್ಜ್ ಆಗ್ತೀರಾ ಎಂದು ತಿರುಗಿ ಕೇಳುತ್ತಿದ್ದಳು.

ಅರ್ಧ ಕಟ್ಟಿದ ಕಟ್ಟಡಗಳಲ್ಲಿ ಅವಳಿಗಿದ್ದದ್ದು ಒಂದೇ ತೊಂದರೆ. ಕೀಲು ಕೂರುವ ಜಾಗದಲ್ಲಿ ಮರ ಕೊರೆಯುವ ಯಂತ್ರ ಹಳೆಯದು, ವೈರಿನದು. ಕರೆಂಟು ಇನ್ನೂ ಬಂದಿರದ ಕಟ್ಟಡದಲ್ಲಿ ಅದಕ್ಕೆ ಜೀವವಿಲ್ಲ. ಅದಕ್ಕಾಗಿ ಒಂದು ಪೆಟ್ಟಿಗೆ ಕೊಂಡಳು. ಬೂದು ಬಣ್ಣದ್ದು, ಪ್ರಯಾಣದ ಸಣ್ಣ ಸೂಟ್‌ಕೇಸಿನಷ್ಟು ದೊಡ್ಡದು. ಬೆನ್ನಿನಲ್ಲಿ ನಾಲ್ಕು ಗೂಡು. ನಾಲ್ಕು ಗೂಡಿಗೂ ಡ್ರಿಲ್ಲಿನ ಬ್ಯಾಟರಿಗಳನ್ನು ಸಿಕ್ಕಿಸಿದರೆ ಮುಂದಿನ ಪ್ಲಗ್ಗಿನಲ್ಲಿ ಮನೆಯ ಗೋಡೆಯಲ್ಲಿ ಬರುವಂಥದೇ ಕರೆಂಟು. ಮನೆಗೆ ತಂದು ಗೋಡೆಗೆ ಚುಚ್ಚಿಟ್ಟರೆ ಅದೇ ಪೆಟ್ಟಿಗೆ ಒಳಗಿನ ಬ್ಯಾಟರಿಗಳಿಗೆ ಉಣಿಸಿ ಮಲಗಿಸುತ್ತಿತ್ತು ಕೂಡ. ಇದನ್ನು ಕಂಡ ಅತ್ತೆ ಎದುರುಮನೆಯವಳಿಗೆ ಹೇಳಿದಳು: "ನನ್ನ ಸೊಸೆ ಊಟದ ಡಬ್ಬಿ ಮರೆತರೂ ಮರೀತಾಳೆ, ಕರೆಂಟಿನ ಡಬ್ಬಿ ಮರೆಯಲ್ಲ."

ಗಂಡನಿಗೆ ಬಸ್ ನಿಲ್ದಾಣದ ಮೂಲೆಯಲ್ಲಿ ಕಟಿಂಗ್ ಅಂಗಡಿ ಇತ್ತು. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಕೂದಲು ಕತ್ತರಿಸುವುದು ಅವನ ಕೈಯ ಕೆಲಸ, ಮಾತಾಡುವುದು ಜೀವದ ಕೆಲಸ. ಯಾರ ಮನೆಯ ನಲ್ಲಿ ಸೋರುತ್ತದೆ, ಯಾರ ಮಗಳು ಈಜು ಕಲಿಯುತ್ತಿದ್ದಾಳೆ, ಯಾವ ಬಸ್ಸಿನ ಡ್ರೈವರು ಯಾವ ನಿಲ್ದಾಣದಲ್ಲಿ ಬೇಕೆಂದೇ ನಿಲ್ಲಿಸುವುದಿಲ್ಲ, ಎಲ್ಲವೂ ಅವನ ಕತ್ತರಿಯ ಸುತ್ತ ಓಡಾಡುತ್ತಿದ್ದವು. ಹಾಗಿರುವಾಗ ಆ ಹಳೆಯ ಕಟ್ಟಡವನ್ನು ಒಡೆಯುವುದೆಂದು ಅದರ ಮಾಲೀಕ ನಿರ್ಧರಿಸಿದ. ಅಂಗಡಿ ಖಾಲಿ ಮಾಡಬೇಕಾಯಿತು. ಕನ್ನಡಿ ಮತ್ತು ಒಂದು ಕುರ್ಚಿ ಮನೆಯ ಮುಂಬಾಗಿಲ ಕೋಣೆಗೆ ಬಂದವು.

ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಅವನ ಗಿರಾಕಿಗಳಲ್ಲಿ ಅರ್ಧ ಜನ ಮಂಡಿನೋವಿನ ಮುದುಕರು. ಅಷ್ಟು ಮೆಟ್ಟಿಲು ಹತ್ತಿ ಬಂದರೆ ಉಸಿರು ಉಳಿಯಬೇಕಲ್ಲ, ಕೂದಲಿನ ಮಾತು ಆಮೇಲೆ. ಯಾರೂ ಬರಲಿಲ್ಲ. ಕೈ ತುರಿಸಿದಾಗಲೆಲ್ಲ ಅವನು ಅಮ್ಮನ ತಲೆಯ ಮೇಲೆ ಕಣ್ಣು ಹಾಕಿದ. ಮೊದಲ ಎರಡು ಸಲ ಆ ತಾಯಿ ತಲೆ ಕೊಟ್ಟಳು. ಮೂರನೆಯ ಸಲ ತಲೆಗೆ ಬಟ್ಟೆ ಸುತ್ತಿಕೊಂಡು ಅಡುಗೆಮನೆಗೆ ನಡೆದಳು. "ಇನ್ನೊಂದ್ ಸಲ ಕತ್ತರಿ ತಂದ್ರೆ ನನ್ನ ತಲೇಲಿ ಕತ್ತರಿಸೋಕೆ ಕಿವಿ ಮಾತ್ರ ಉಳಿದಿರತ್ತೆ, ನೋಡ್ಕೋ."

ಬಾಗಿಲಕ್ಕನಿಗೆ ಕಸಿವಿಸಿಯಾದದ್ದು ಬೇರೆ ವಿಷಯಕ್ಕೆ. ಗಂಡ ಮಾತು ಕಡಿಮೆ ಮಾಡಿದ್ದ. ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ಮದುವೆಯಾದಾಗಿನಿಂದ ಒಂದು ದಿನವಾದರೂ ಈ ಮನುಷ್ಯ ಬಾಯಿ ಮುಚ್ಚಲಿ ಎಂದು ಹಾರೈಸಿದ್ದವಳು ಅವಳೇ. ಈಗ ಹಾರೈಕೆ ಫಲಿಸಿದಾಗ ಮನೆ ಚೌಕಟ್ಟು ಬಿಟ್ಟ ಬಾಗಿಲಿನ ಹಾಗೆ ಕಾಣತೊಡಗಿತು.

ದಾರಿ ತೋರಿಸಿದ್ದು ಒಬ್ಬ ಟೈಲ್ಸ್ ಕೆಲಸದವನ ತಲೆ. ನಗರದ ಹೊರಗಿನ ಹೊಸ ವಸತಿ ಕಟ್ಟಡದಲ್ಲಿ ಅವನು ನೆಲಕ್ಕೆ ಟೈಲ್ಸ್ ಹಾಕುತ್ತಿದ್ದ, ಇವಳು ಬಾಗಿಲು. ಅವನ ಕೂದಲು ಸಿಮೆಂಟಿನ ಧೂಳು ಕುಡಿದು ಸುಣ್ಣದ ಬ್ರಷ್ಷಿನ ಹಾಗೆ ನಿಂತಿತ್ತು. ಕೆಲಸ ಬಿಡುವ ಹೊತ್ತಿಗೆ ಕಟಿಂಗ್ ಅಂಗಡಿಗಳು ಮುಚ್ಚಿರುತ್ತವೆ, ರಜೆಯ ದಿನ ನಿದ್ದೆ ಬಿಟ್ಟು ಏಳಲಾಗುವುದಿಲ್ಲ ಎಂದು ಅವನು ಅಲವತ್ತುಕೊಂಡ. ಬಾಗಿಲಕ್ಕ ಅವನ ತಲೆಯನ್ನೊಮ್ಮೆ ನೋಡಿದಳು, ಮೂಲೆಯಲ್ಲಿದ್ದ ಬೂದು ಪೆಟ್ಟಿಗೆಯನ್ನೊಮ್ಮೆ ನೋಡಿದಳು. ಮರುದಿನ ವ್ಯಾನಿನಲ್ಲಿ ಬಾಗಿಲುಗಳ ಜೊತೆ ಗಂಡನನ್ನೂ ಅವನ ಕುರ್ಚಿ, ಕನ್ನಡಿಯನ್ನೂ ಹಾಕಿಕೊಂಡು ಹೊರಟಳು.

ಅವನು ಹೊರಟಿದ್ದು ಮನಸ್ಸಿಲ್ಲದ ಮನಸ್ಸಿನಿಂದ. ಅವನ ಕಟಿಂಗ್ ಮೆಷಿನ್ನು ವೈರಿನದು, ಅಂಗಡಿ ತೆರೆದ ದಿನ ಕೊಂಡದ್ದು. ಬ್ಯಾಟರಿಯ ಹೊಸ ಮೆಷಿನ್ನುಗಳು ಅವನಿಗೆ ಆಗುತ್ತಿರಲಿಲ್ಲ. ಅವು ಕತ್ತರಿಸುವುದಿಲ್ಲ, ಕೆರೆಯುತ್ತವೆ ಎನ್ನುತ್ತಿದ್ದ. ಕರೆಂಟಿಲ್ಲದ ಕಟ್ಟಡದಲ್ಲಿ ನಾನೇನು ಹಲ್ಲಿನಿಂದ ಕಡಿಯಲೇ ಎಂದು ದಾರಿಯುದ್ದಕ್ಕೂ ಕೇಳಿದ. ಎರಡನೆಯ ಮಹಡಿಯ ಒಂದು ಕೋಣೆಯಲ್ಲಿ ಕಿಟಕಿಗೆ ಇನ್ನೂ ಚೌಕಟ್ಟು ಇರಲಿಲ್ಲ, ಬೆಳಕು ಧಾರಾಳ. ಬಾಗಿಲಕ್ಕ ಅಲ್ಲಿ ಕುರ್ಚಿ ಇಟ್ಟಳು. ಕೂರಿಸಬೇಕಿದ್ದ ಬಾಗಿಲೊಂದನ್ನು ಗೋಡೆಗೆ ಒರಗಿಸಿ ಅದರ ಮೇಲೆ ಕನ್ನಡಿ ತೂಗು ಹಾಕಿದಳು. ಪೆಟ್ಟಿಗೆಗೆ ನಾಲ್ಕು ಬ್ಯಾಟರಿ ಸಿಕ್ಕಿಸಿ, ಗುಂಡಿ ಒತ್ತಿ, ಮೆಷಿನ್ನಿನ ಪ್ಲಗ್ಗನ್ನು ಚುಚ್ಚಿ, ಗಂಡನ ಕೈಗೆ ಕೊಟ್ಟಳು.

ಮೆಷಿನ್ನು ಝುಂಯ್ ಎಂದಿತು. ಅದರ ಜೊತೆಗೆ ಗಂಡನ ಮುಖವೂ ಬೆಳಗಿತು.

ಟೈಲ್ಸಿನವನು ಕೂತ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ ಸಾಗಿತು. ಅವನು ಎದ್ದು ಕನ್ನಡಿ ನೋಡಿಕೊಂಡಾಗ ಬಾಗಿಲಲ್ಲಿ, ಅಂದರೆ ಬಾಗಿಲು ಬರಬೇಕಿದ್ದ ಜಾಗದಲ್ಲಿ, ಬಣ್ಣದವನೂ ಗಾರೆಯವನೂ ಪ್ಲಂಬರನೂ ನಿಂತಿದ್ದರು. ಸಂಜೆಯವರೆಗೂ ತಲೆಗಳು ಬರುತ್ತಲೇ ಇದ್ದವು. ಬ್ಯಾಟರಿಯ ಪುಟ್ಟ ಹಸಿರು ದೀಪಗಳಲ್ಲಿ ಒಂದೂ ಆರಲಿಲ್ಲ. ಗಂಡ ಬಗ್ಗಿ ಬಗ್ಗಿ ನೋಡಿ, ಇದು ಕುಡಿಯುವುದೇ ಇಲ್ಲವಲ್ಲ ಎಂದು ಬೆರಗಾದ. ನಿಮ್ಮ ಮೆಷಿನ್ನು ಗುಬ್ಬಚ್ಚಿ, ಕೊಕ್ಕು ಅದ್ದಿ ಹೋಗುತ್ತದೆ, ನನ್ನ ಯಂತ್ರಗಳು ಎತ್ತು ಎಂದು ಬಾಗಿಲಕ್ಕ ಬಿಡಿಸಿ ಹೇಳಿದಳು.

ಅದಕ್ಕಿಂತ ಅವಳಿಗೆ ಹಿತವಾದದ್ದು ಇನ್ನೊಂದು. ಕೆಳಗಿನ ಮಹಡಿಯಲ್ಲಿ ಅವಳು ಉಳಿ ಹಿಡಿದು ಕೀಲಿನ ಗುಂಡಿ ಕೆತ್ತುತ್ತಿದ್ದಾಗ, ಮೆಟ್ಟಿಲುಗಳ ನಡುವಿನ ಖಾಲಿ ಜಾಗದೊಳಗಿಂದ ಗಂಡನ ಮಾತು ಇಳಿದು ಬರುತ್ತಿತ್ತು. ಯಾವುದೋ ಬಸ್ಸಿನ ಡ್ರೈವರಿನ ಕಥೆ. ಅವಳು ನೂರು ಸಲ ಕೇಳಿದ್ದು. ಅಂದು ನೂರ ಒಂದನೆಯ ಸಲ ಕೇಳಿ, ಗೋಡೆಯ ಕಡೆ ತಿರುಗಿ ನಕ್ಕಳು.

ಹೀಗೆ ಇಬ್ಬರದೂ ಒಂದೇ ದಾರಿಯಾಯಿತು. ಅವಳು ಎಲ್ಲಿ ಬಾಗಿಲೋ ಅವನು ಅಲ್ಲಿ ಕುರ್ಚಿ. ಒಬ್ಬ ಗುತ್ತಿಗೆದಾರ ಮಾತ್ರ ಇದು ಕಟ್ಟಡವೋ ಸಲೂನೋ ಎಂದು ಮೊದಲ ದಿನ ಹುಬ್ಬೇರಿಸಿದ್ದ. ಎರಡನೆಯ ದಿನ ಕುರ್ಚಿಯಲ್ಲಿ ಅವನೇ ಕೂತಿದ್ದ.

ಎಲ್ಲ ಸುಸೂತ್ರವಾಗಿದ್ದಾಗ ಮನುಷ್ಯನಿಗೆ ಏನಾದರೂ ಹೊಸದು ಬೇಕು. ಬಾಗಿಲಕ್ಕನ ಗಂಡನಿಗೆ ಹೇರ್ ಡ್ರೈಯರ್ ಬೇಕಾಯಿತು. ಮುಚ್ಚಿಹೋದ ಹೋಟೆಲೊಂದರಿಂದ ಅವನ ಗೆಳೆಯ ತಂದುಕೊಟ್ಟ ದೊಡ್ಡ ಡ್ರೈಯರು, ಹಿಡಿದರೆ ಬಂದೂಕಿನ ಗತ್ತು. ಅದನ್ನು ಪೆಟ್ಟಿಗೆಗೆ ಚುಚ್ಚಿ ಪ್ಲಂಬರನ ತಲೆಗೆ ಬಿಸಿಗಾಳಿ ಬಿಟ್ಟ. ಪ್ಲಂಬರನ ಕೂದಲು ಅಲೆಯಲೆಯಾಗಿ ಎದ್ದು ನಿಂತಿತು. ಹಸಿರು ದೀಪಗಳು ಒಂದರ ಹಿಂದೊಂದು ಆರಿದವು. ಇನ್ನೂ ಎರಡನೆಯ ತಲೆ ಮುಗಿದಿರಲಿಲ್ಲ, ಪೆಟ್ಟಿಗೆ ಕೀಂ ಕೀಂ ಎಂದು ಕೂಗಿ ಆರಿಹೋಯಿತು. ಮಧ್ಯಾಹ್ನದ ಕೆಲಸಕ್ಕೆಂದು ಇಟ್ಟುಕೊಂಡಿದ್ದ ಬ್ಯಾಟರಿಗಳು ಬರಿದಾದದ್ದು ಕಂಡು ಬಾಗಿಲಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಗಾಳಿಯನ್ನು ಕಾಯಿಸುವುದೆಂದರೆ ಹುಡುಗಾಟವಲ್ಲ, ಇದು ಗುಬ್ಬಚ್ಚಿಯಲ್ಲ, ಆನೆ ಎಂದು ಹೇಳಿದಳು. ಅವನು ಒಪ್ಪಿದ. ಅತ್ತೆಯ ಎದುರಿಗೆ ಒಪ್ಪಂದವೂ ಆಯಿತು: ಪೆಟ್ಟಿಗೆಯ ಗೂಡಿನಲ್ಲಿರುವವು ಅವನವು, ಅವಳ ಚೀಲದಲ್ಲಿರುವವು ಅವಳವು, ಚೀಲಕ್ಕೆ ಅವನು ಕೈ ಹಾಕುವಂತಿಲ್ಲ. ಅತ್ತೆಗೆ ಈ ಒಪ್ಪಂದದಲ್ಲಿ ನಂಬಿಕೆ ಬರಲಿಲ್ಲ. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ನೀನು ಹುಷಾರಾಗಿರು" ಎಂದು ಸೊಸೆಯ ಕಿವಿಯಲ್ಲಿ ಹೇಳಿದಳು, ಮಗನಿಗೂ ಕೇಳಿಸುವಷ್ಟು ಮೆಲ್ಲಗೆ.

ಕೆಲವು ವಾರ ಒಪ್ಪಂದ ನಡೆಯಿತು. ಆಮೇಲೆ ಹೆರಿಗೆ ಚಿಕಿತ್ಸಾಲಯದ ಕೆಲಸ ಬಂತು.

ಸಣ್ಣ ಚಿಕಿತ್ಸಾಲಯ, ಕಟ್ಟಿಸುತ್ತಿದ್ದವರು ಒಬ್ಬರು ಡಾಕ್ಟರಮ್ಮ. ಮಂಚಗಳು ಬಂದು ಅಂಗಳದಲ್ಲಿ ಕೂತಿದ್ದವು. ಒಳಗೆ ಸೇರಿಸುವ ಮೊದಲು ಕೊನೆಯ ಆರೇಳು ಬಾಗಿಲು ನಿಲ್ಲಬೇಕಿತ್ತು, ಸಂಜೆಗೆ ಪರಿಶೀಲನೆಗೆ ಜನ ಬರುವವರಿದ್ದರು. ಅಂದೇ ಆ ಬೀದಿಯಲ್ಲಿ ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸುತ್ತಿದ್ದರಿಂದ ಬೆಳಗಿನಿಂದ ಕರೆಂಟಿಲ್ಲ. ಬಾಗಿಲಕ್ಕ ಅದನ್ನು ಮೊದಲೇ ವಿಚಾರಿಸಿಕೊಂಡು, ಇದ್ದ ಬ್ಯಾಟರಿಗಳನ್ನೆಲ್ಲ ತುಂಬಿಸಿ ತಂದಿದ್ದಳು. ಚೀಲವನ್ನು ಕೆಳಗಿನ ಕೋಣೆಯಲ್ಲಿಟ್ಟು, ಡ್ರಿಲ್ಲಿಗೆ ಒಂದು ಸಿಕ್ಕಿಸಿಕೊಂಡು ಮೇಲಿನ ಬಾಗಿಲುಗಳಿಗೆ ಹೋದಳು.

ಡ್ರಿಲ್ಲು ದಣಿದು ನಿಂತಾಗ ಕೆಳಗೆ ಬಂದು ಚೀಲ ತೆರೆದಳು. ಒಳಗೆ ಅಳತೆಯ ಟೇಪು, ಪೆನ್ಸಿಲು, ಒಂದು ಸೇಬು. ಬ್ಯಾಟರಿ ಇಲ್ಲ. ಪೆಟ್ಟಿಗೆಯೂ ಇಲ್ಲ. ಕುರ್ಚಿಯೂ ಇಲ್ಲ, ಗಂಡನೂ ಇಲ್ಲ.

ಎದುರಿನ ವೃದ್ಧಾಶ್ರಮದ ಕಡೆ ಹೋದ ಎಂದು ಬಣ್ಣದವನು ಬ್ರಷ್ಷಿನಿಂದ ತೋರಿಸಿದ. ಬಾಗಿಲಕ್ಕ ರಸ್ತೆ ದಾಟಿದ ಪರಿ ನೋಡಿ ಟ್ರಾನ್ಸ್‌ಫಾರ್ಮರಿನವರು ಹಗ್ಗ ಎಳೆಯುವುದನ್ನು ನಿಲ್ಲಿಸಿದರಂತೆ.

ಆಶ್ರಮದ ಹಜಾರದಲ್ಲಿ ಎಂಟೊಂಬತ್ತು ಅಜ್ಜಿಯರು ಹೆಗಲಿಗೆ ಟವೆಲು ಹಾಕಿಕೊಂಡು ಸಾಲಾಗಿ ಕೂತಿದ್ದರು. ಎಲ್ಲರದೂ ಒದ್ದೆ ತಲೆ. ಮಧ್ಯಾಹ್ನ ಅವರ ಗುಂಪಿನ ಫೋಟೋ ತೆಗೆಯಲು ಬರುವವರಿದ್ದರಂತೆ. ಕರೆಂಟಿಲ್ಲದೆ ಹೇಗಪ್ಪಾ ಎಂದು ಅವರು ಪೇಚಾಡುವುದನ್ನು ಕಾಂಪೌಂಡಿನಾಚೆಯಿಂದ ಕೇಳಿದ ಈ ಮಹಾನುಭಾವ, ಅದಕ್ಕೇನು ಎಂದು ಮಾತು ಕೊಟ್ಟುಬಿಟ್ಟಿದ್ದ. ಗೂಡಿನ ಬ್ಯಾಟರಿಗಳು ಮೊದಲ ಅಜ್ಜಿಗೇ ಮುಗಿದವು. ಮಾತು ಕೊಟ್ಟಾಗಿದೆಯಲ್ಲ. ಚೀಲದವು ಎರಡನೆಯ ಅಜ್ಜಿಯನ್ನು ದಾಟಿ ಮೂರನೆಯವರ ಎಡಗಡೆಗೆ ಮುಗಿದವು. ಈಗ ಅವನು ರಟ್ಟಿನ ತುಂಡೊಂದು ಹಿಡಿದು ಮೂರನೆಯವರ ತಲೆಗೆ ಬೀಸುತ್ತ ನಿಂತಿದ್ದ. ಹೆಂಡತಿಯನ್ನು ಕಂಡದ್ದೇ ರಟ್ಟು ಗಾಳಿಯಲ್ಲೇ ನಿಂತಿತು.

ಬಾಗಿಲಕ್ಕ ದನಿ ಏರಿಸಲಿಲ್ಲ. "ನಾನು ನಿಮಗೆ ಕರೆಂಟ್ ಕೊಟ್ಟೆ. ನೀವು ನನ್ನ ಕೈ ಕಟ್ಟಿಹಾಕಿದ್ರಿ" ಎಂದಳು.

ಅವನು ರಟ್ಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ತಪ್ಪಾಯ್ತು. ಏನ್ ಮಾಡ್ಬೇಕು ಹೇಳು, ಮಾಡ್ತೀನಿ."

ಮೂರನೆಯ ಅಜ್ಜಿಗೆ ಎಡಗಡೆ ಕೂದಲು ಒಣಗಿ ಉಬ್ಬಿತ್ತು, ಬಲಗಡೆ ತಲೆಗೆ ಅಂಟಿಕೊಂಡಿತ್ತು. ಇಬ್ಬರನ್ನೂ ನೋಡಿ ಆಕೆ ಹೇಳಿದರು: "ಕರ್ಕೊಂಡ್ ಹೋಗಮ್ಮ ಅವನನ್ನ. ಹೊರಗೆ ಬಿಸಿಲಿದೆ, ನಮ್ಮ ತಲೆ ನಾವು ಒಣಗಿಸ್ಕೋತೀವಿ. ಆಗದಿದ್ರೆ ನಾನು ಫೋಟೋಗೆ ಎಡಗಡೆ ಮಾತ್ರ ಕೊಡ್ತೀನಿ." ಅಜ್ಜಿಯರೆಲ್ಲ ಕಿಲಕಿಲ ನಕ್ಕರು. ಬಾಗಿಲಕ್ಕನಿಗೂ ನಗು ಬಂತು, ಆದರೆ ಅಂಥ ಹೊತ್ತಿನಲ್ಲಿ ಗಂಡನಿಗೆ ನಗು ತೋರಿಸಬಾರದೆಂದು ತಡೆದುಕೊಂಡಳು.

ವ್ಯಾನಿನ ತಳದಲ್ಲಿ ಸೋದರಮಾವನ ಕೈಡ್ರಿಲ್ಲು ಇತ್ತು. ಹಿಡಿ ತಿರುಗಿಸಿದರೆ ಹಲ್ಲುಚಕ್ರ ತಿರುಗಿ ಮರ ಕೊರೆಯುವಂಥದು, ನೆನಪಿಗೆಂದು ಇಟ್ಟುಕೊಂಡಿದ್ದಳು. ಅದಕ್ಕೆ ಎರಡು ಹನಿ ಎಣ್ಣೆ ಬಿಟ್ಟಳು. ಅವಳು ತೂತು ಕೊರೆಯುವುದು, ಅವನು ಕೈಯಲ್ಲೇ ಸ್ಕ್ರೂ ತಿರುಗಿಸುವುದು ಎಂದಾಯಿತು. ಕತ್ತರಿ ಆಡಿಸುವ ಕೈಗೆ ಬೆರಳಿನಲ್ಲಿ ಬಲ, ಅಂಗೈಯಲ್ಲಿ ಇಲ್ಲ. ಎರಡನೆಯ ಕೀಲಿಗೇ ಬೊಬ್ಬೆ ಎದ್ದಿತು. ಅವನು ತುಟಿ ಪಿಟಕ್ಕೆನ್ನಲಿಲ್ಲ. ಕರವಸ್ತ್ರ ಸುತ್ತಿಕೊಂಡು ಮುಂದಿನ ಸ್ಕ್ರೂಗೆ ಹೋದ. ಬಾಗಿಲನ್ನು ಹೆಗಲಲ್ಲಿ ಒತ್ತಿ ಹಿಡಿದಿದ್ದ ಬಾಗಿಲಕ್ಕ ಅವನನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಸಿಟ್ಟು ಇತ್ತು, ಇಲ್ಲವೆಂದಲ್ಲ. ಆದರೆ ಸುಮ್ಮನಿರುವ ಗಂಡನನ್ನು ಅವಳು ಒಮ್ಮೆ ಕಂಡಿದ್ದಳು, ಮತ್ತೊಮ್ಮೆ ಕಾಣುವ ಆಸೆ ಇರಲಿಲ್ಲ.

"ಬಾಯಿಗೂ ಬೊಬ್ಬೆ ಎದ್ದಿದೆಯಾ?" ಎಂದು ಕೇಳಿದಳು.

ಅವನು ಕೈಯಲ್ಲಿದ್ದ ಸ್ಕ್ರೂವಿನ ಜೊತೆಯೇ ಮಾತು ಶುರು ಮಾಡಿದ. ಗಿರಾಕಿಯನ್ನು ವಿಚಾರಿಸುವ ದನಿಯಲ್ಲಿ, ಏನ್ ಸಾರ್, ಒಳಗೆ ಹೋಗೋಕೆ ಮನಸ್ಸಿಲ್ವಾ, ಮನೇಲಿ ಎಲ್ಲಾ ಸೌಖ್ಯವಾ ಎಂದು. ಬಾಗಿಲಕ್ಕ ನಕ್ಕ ರಭಸಕ್ಕೆ ಬಾಗಿಲು ಅಲುಗಿ, ಕೆಳಗಿಟ್ಟಿದ್ದ ಬೆಣೆ ಜಾರಿತು. ಮತ್ತೆ ಮೊದಲಿನಿಂದ ಎತ್ತಿ ಹಿಡಿಯಬೇಕಾಯಿತು.

ನಗು ಕೇಳಿ ಬಣ್ಣದವನೂ ಗಾರೆಯವನೂ ಬಂದರು. ಇಬ್ಬರ ತಲೆಯನ್ನೂ ಆ ವಾರವೇ ಅವನು ಕತ್ತರಿಸಿದ್ದ. ಗಾರೆಯವನ ಅಂಗೈ ಕಲ್ಲಿನಂಥದು, ಅವನು ಸ್ಕ್ರೂಗಳನ್ನು ಬೆಣ್ಣೆಗೆ ಚುಚ್ಚಿದ ಹಾಗೆ ಇಳಿಸಿದ. ಬಣ್ಣದವನು ಕೈಗಿಂತ ಬಾಯಿಯಿಂದ ಹೆಚ್ಚು ದುಡಿದ. ಅವನೊಬ್ಬನನ್ನೇ ನಂಬಿ ಬಿಟ್ಟ ಸಾಮಾನು ಕೋಣೆಯ ಬಾಗಿಲಿಗೆ ಕೀಲು ಆಚೆಯ ಬದಿಗೆ ಕೂತಿತು. ಯಾರಿಗಾದರೂ ಅರಿವಾಗುವ ಮೊದಲೇ ಬಾಗಿಲು ನಿಂತಾಗಿತ್ತು. ಒಳಕ್ಕೆ ತೆರೆಯಬೇಕಾದದ್ದು ಹೊರಕ್ಕೆ ತೆರೆಯಿತು. ಬಿಚ್ಚಿ ಸರಿಮಾಡಲು ಹೊತ್ತಿರಲಿಲ್ಲ. ಪರಿಶೀಲನೆಯವರು ಗೇಟಿನೊಳಗೆ ಕಾಲಿಟ್ಟಾಗ ಬಾಗಿಲಕ್ಕ ಕೊನೆಯ ಚಿಲಕವನ್ನು ಎಳೆದು ಬಿಟ್ಟು ನೋಡುತ್ತಿದ್ದಳು.

ಬಂದವರು ಗೋಡೆ ನೋಡಿದರು, ನಲ್ಲಿ ತಿರುಗಿಸಿದರು, ಬಾಗಿಲು ತೆಗೆದು ಹಾಕಿದರು, ಸರಿ ಎಂದರು. ಡಾಕ್ಟರಮ್ಮನಿಗೆ ಬಾಗಿಲಕ್ಕ ತಾನೇ ಹೋಗಿ ಆ ಒಂದು ಬಾಗಿಲಿನ ವಿಷಯ ಹೇಳಿದಳು, ನಾಳೆ ಬಂದು ತಿರುಗಿಸಿ ಕೂರಿಸುತ್ತೇನೆ ಎಂದಳು. ಡಾಕ್ಟರಮ್ಮ ಎರಡು ಸಲ ತೆರೆದು ಮುಚ್ಚಿ ನೋಡಿ, ಹೊರಕ್ಕೇ ಇರಲಿ, ಒಳಗೆ ಇನ್ನೊಂದು ಕಪಾಟು ಇಡಬಹುದು ಎಂದರು. ಆ ಬಾಗಿಲು ಈಗಲೂ ಹೊರಕ್ಕೇ ತೆರೆಯುತ್ತದೆ. ಬಣ್ಣದವನು ಅದು ತನ್ನ ಯೋಚನೆ ಎಂದು ಹೇಳಿಕೊಂಡು ತಿರುಗುತ್ತಾನೆ.

ಮನೆಯಲ್ಲಿ ಆ ಸಂಜೆ ಮೂವರೂ ಕೂತು ಮಾತಾಡಿದರು. ಕಥೆಯೆಲ್ಲ ಕೇಳಿದ ಅತ್ತೆ, ಯಾರಿಗೂ ಹೊಳೆಯದಿದ್ದ ಒಂದು ಪ್ರಶ್ನೆ ಕೇಳಿದಳು.

"ಆ ಅಜ್ಜಿಯರ ಮನೇಲಿ ಬೇರೆ ದಿನ ಕರೆಂಟ್ ಇರತ್ತಾ?"

"ಇರತ್ತೆ."

"ಗೋಡೇಲಿ ಪ್ಲಗ್ಗು?"

"ಇದೆ."

"ಮತ್ತೆ ಡ್ರೈಯರು ತಗೊಂಡು ಅಲ್ಲಿಗೇ ಹೋಗೋ. ಈ ಡಬ್ಬಿ ಯಾಕೆ ಬೇಕು ನಿನಗೆ?"

ಮಗ ತಲೆ ಕೆರೆದುಕೊಂಡ. ಪೆಟ್ಟಿಗೆಯ ಗುಂಗಿನಲ್ಲಿ ಲೋಕದ ಗೋಡೆಗಳಲ್ಲೆಲ್ಲ ಪ್ಲಗ್ಗುಗಳಿವೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ಈಗ ವಾರಕ್ಕೊಂದು ದಿನ ಅವನು ಆಶ್ರಮಕ್ಕೆ ಹೋಗುತ್ತಾನೆ, ಅಜ್ಜಿಯರಿಗೆ ಗೋಡೆಯ ಕರೆಂಟಿನಲ್ಲಿ ಬಿಸಿಗಾಳಿ. ಅವರಿಗೆ ಕೂದಲು ಒಣಗುವುದಕ್ಕಿಂತ ಅವನ ಮಾತು ಹೆಚ್ಚು ಇಷ್ಟ, ಅವನಿಗೆ ಅವರದು. ಉಳಿದ ದಿನ ಬಾಗಿಲಕ್ಕನ ಜೊತೆ, ಕುರ್ಚಿ ಮತ್ತು ಪೆಟ್ಟಿಗೆ. ಕಟಿಂಗ್ ಮೆಷಿನ್ನಿಗೆಂದು ಅವನೇ ನಾಲ್ಕು ಬ್ಯಾಟರಿ ಕೊಂಡುಕೊಂಡ. ಗುರುತಿಗೆ ಅತ್ತೆ ತನ್ನ ಉಗುರಿನ ಕೆಂಪು ಬಣ್ಣವನ್ನು ಅವುಗಳ ತಲೆಗೆ ಬಳಿದಳು. ಸಂಜೆ ಅವುಗಳ ಧೂಳನ್ನು ಅವನೇ ಒರೆಸಬೇಕು. ಒರೆಸುತ್ತಾನೆ, ಬಾಗಿಲಕ್ಕ ಒಮ್ಮೆ ತಿರುಗಿ ನೋಡುವವರೆಗೆ ಒರೆಸುತ್ತಲೇ ಇರುತ್ತಾನೆ.

ಮೊನ್ನೆ ಒಂದು ಶಾಲೆಯ ಕಟ್ಟಡದಲ್ಲಿ ಊಟದ ಹೊತ್ತಿಗೆ ಗಿರಾಕಿಗಳು ಇರಲಿಲ್ಲ. ಬಾಗಿಲಕ್ಕ ಏಪ್ರನ್ ಬಿಚ್ಚಿ, ಮರದ ಪುಡಿ ಕೊಡವಿಕೊಂಡು, ಹೋಗಿ ಕುರ್ಚಿಯಲ್ಲಿ ಕೂತಳು. ಇಷ್ಟು ವರ್ಷ ತನ್ನ ಕೂದಲನ್ನು ತಾನೇ ಬಚ್ಚಲ ಕನ್ನಡಿಯ ಮುಂದೆ ಅಂದಾಜಿಗೆ ಕತ್ತರಿಸಿಕೊಳ್ಳುತ್ತಿದ್ದವಳು ಅವಳು. ಗಂಡ ಬಟ್ಟೆ ಹೊದಿಸಿ, ಕತ್ತಿನ ಹಿಂದೆ ಗಂಟು ಹಾಕಿ, ಬಾಚಣಿಗೆ ಎತ್ತಿಕೊಂಡು ಕೇಳಿದ:

"ಹೇಗೆ ಬೇಕು?"

"ಸುತ್ತ ಒಂದೇ ಸಮ" ಎಂದಳು.

ಅವನು ಕತ್ತರಿ ಆಡಿಸತೊಡಗಿದ. ಆಮೇಲೆ ಹೊಸದೊಂದು ವಿಷಯ ಎತ್ತಿಕೊಂಡ. ಆಶ್ರಮದ ಅಜ್ಜಿಯೊಬ್ಬರು ಸೈಕಲ್ ಕಲಿಯುತ್ತೇನೆಂದು ಹಟ ಹಿಡಿದಿದ್ದಾರಂತೆ. ಬಾಗಿಲಕ್ಕ ಕಣ್ಣು ಮುಚ್ಚಿಕೊಂಡು, ಕಲಿಸುವವರು ಯಾರಂತೆ ಎಂದು ಕೇಳಿದಳು.